ಹಿಡಿ ಜೋಳಕ್ಕೂ ಲೆಕ್ಕ ಐತೆ!

*ಕೊಡುವವರಿಗೂ, ಪಡೆದವರಿಗೂ ಒಂದೇ ಪ್ರಶ್ನೆ: ‘ವಹಿಸಿದ್ದನ್ನು ಏನು ಮಾಡಿದೆ?’*

ಹೊಳಗುಂದ: ಯಜಮಾನ ಪರ ಊರಿಗೆ ಹೋಗುವಾಗ ಮನೆ, ಹೊಲ, ಹಣ ಎಲ್ಲವನ್ನೂ ಆಳುಗಳಿಗೆ ವಹಿಸಿ ಹೋಗುತ್ತಾನೆ. ತಿರುಗಿ ಬಂದವನು ಮೊದಲು ಕೇಳುವುದು ಲೆಕ್ಕ. ಯೇಸುಸ್ವಾಮಿ ಹೇಳಿದ ಹಲವು ಸಾಮತಿಗಳ ತಿರುಳು ಇಷ್ಟೇ. ಕನ್ನಡ ಬೈಬಲ್ ಓದುವವರಿಗೆ ‘ಮನೆವಾರ್ತೆ’ ಎಂಬ ಮಾತು ಹೊಸದಲ್ಲ. ಹಣ, ಹೊಲ, ವಿದ್ಯೆ, ಆರೋಗ್ಯ, ಹೊತ್ತು ಯಾವುದೂ ನಮ್ಮ ಸ್ವಂತದ್ದಲ್ಲ, ದೇವರು ನೋಡಿಕೊಳ್ಳಲು ಕೊಟ್ಟದ್ದು ಎಂಬುದು ಅದರ ಅರ್ಥ.

ಪ್ರಬೋಧನೆಯಲ್ಲಿ ಕೇಳಲು ಇದು ಚೆಂದ. ಆದರೆ ಹೊಳಗುಂದ, ಕೌತಾಳಂ, ಕೋಸಿಗಿ, ಆಲೂರು ಭಾಗದ ಕಥೆಯೇ ಬೇರೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತವೆ. ‘ಕೊಡಾಕ ನಮ್ಮತ್ರ ಏನೈತೆ?’ ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಗಡಿ ಎರಡು, ಮನೆಮಾತು ಒಂದು

ಆದೋನಿ, ಆಲೂರು ತಾಲ್ಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಚರ್ಚಿನ ಆಡಳಿತದಲ್ಲೂ ಗಡಿ ಉಂಟು. ಆ ಕಡೆ 1949ರಲ್ಲಿ ಆದ ಬಳ್ಳಾರಿ ಧರ್ಮಪ್ರಾಂತ್ಯ, ಈ ಕಡೆ 1967ರಲ್ಲಿ ಆದ ಕರ್ನೂಲು ಧರ್ಮಪ್ರಾಂತ್ಯ. ಬೀಗರು ಮಾತ್ರ ಎರಡೂ ಕಡೆ! ಹೀಗಾಗಿ ಕಾಣಿಕೆ ಡಬ್ಬಿಯ ಮಾತು ಎರಡೂ ಕಡೆಯ ಕಥೋಲಿಕ ಮನೆಗಳಿಗೆ ಸೇರಿದ್ದು.

ವಿಧವೆಯ ಎರಡು ಕಾಸು

ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಕಥೆ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿದೆ. ಶ್ರೀಮಂತರು ಮಿಕ್ಕಿದ್ದರಲ್ಲಿ ಕೊಟ್ಟರು, ಈಕೆ ಬದುಕಿಗೆ ಇದ್ದದ್ದನ್ನೇ ಕೊಟ್ಟಳು. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಅಧ್ಯಾಯದಲ್ಲಿ, ಈ ಕಥೆಗೆ ಸ್ವಲ್ಪ ಮುಂಚೆ, ವಿಧವೆಯರ ಮನೆಗಳನ್ನೇ ನುಂಗುವ ಧರ್ಮಪಂಡಿತರನ್ನು ಯೇಸು ಖಂಡಿಸುತ್ತಾರೆ. ಇದನ್ನು ನೆನಪಿಡುವವರು ಕಡಿಮೆ. ಎರಡನ್ನೂ ಕೂಡಿಸಿ ಓದಿದರೆ ಬಡವಿಯ ಕಾಸು ದೊಡ್ಡದು, ಅದನ್ನು ಪಡೆದವರ ಜವಾಬ್ದಾರಿ ಇನ್ನೂ ದೊಡ್ಡದು ಎಂಬುದು ತಿಳಿಯುತ್ತದೆ.

ಹಿಡಿ ಅಕ್ಕಿಯಿಂದ ಶಾಲೆ

ಕೇರಳದಲ್ಲಿ ‘ಪಿಡಿಯರಿ’ ಎಂಬ ರೂಢಿ ಇದೆ. ಮನೆಯಾಕೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಡುವುದು. 19ನೇ ಶತಮಾನದಲ್ಲಿ ಇದನ್ನು ಶಾಲೆಗೆ ಜೋಡಿಸಿದವರು ಪಾದ್ರಿ ಕುರಿಯಾಕೋಸ್ ಎಲಿಯಾಸ್ ಚಾವರ. ಚರ್ಚಿಗೊಂದು ಶಾಲೆ ಇರಬೇಕೆಂದು 1864ರಲ್ಲಿ ಸುತ್ತೋಲೆ ಹೊರಡಿಸಿದ ಅವರು, ಬಡ ಮಕ್ಕಳ ಮಧ್ಯಾಹ್ನದ ಊಟಕ್ಕೆ ಈ ಹಿಡಿ ಅಕ್ಕಿಯನ್ನೇ ನೆಚ್ಚಿಕೊಂಡರು. 2014ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ‘ತೆನೆ ತೆನೆ ಕೂಡಿದರೆ ಬಳ್ಳ’ ಎಂದು ನಮ್ಮ ಹಿರಿಯರು ಅಂದದ್ದೂ ಇದನ್ನೇ. ಅಲ್ಲಿ ಅಕ್ಕಿ, ಇಲ್ಲಿ ಜೋಳ. ಅಳತೆ ಒಂದೇ, ಹಿಡಿ.

ಹಿಡಿ ಕಾಳು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 1961ರಲ್ಲಿ ಆಗಿನ ಕರ್ನೂಲು ಜಿಲ್ಲೆಯಲ್ಲಿ ಹುಟ್ಟಿದ ಆಂಥೋನಿ ಪೂಲ ಎಂಬ ಹುಡುಗನ ಓದು ಬಡತನದಿಂದಾಗಿ 7ನೇ ತರಗತಿಗೆ ನಿಂತಿತ್ತು. ಮಿಷನರಿಗಳು ಕಡಪಕ್ಕೆ ಕರೆದೊಯ್ದು ಮುಂದೆ ಓದಿಸಿದರು. ಅವರು 2008ರಲ್ಲಿ ಕರ್ನೂಲಿನ ಧರ್ಮಾಧ್ಯಕ್ಷರಾದರು, ಮುಂದೆ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾದರು. 2022ರ ಆಗಸ್ಟ್ 27ರಂದು ಕಾರ್ಡಿನಲ್ ಪದವಿ ಪಡೆದ ಮೊದಲ ದಲಿತರೂ ಅವರೇ. ಯಾರೋ ಕೊಟ್ಟ ಕಾಸು ಒಂದು ಮಗುವಿನ ಫೀಸು, ಪುಸ್ತಕ, ಊಟವಾಗದಿದ್ದರೆ ಇದು ಆಗುತ್ತಿತ್ತೇ? ಗುಳೆ ಹೋದವರ ಮಕ್ಕಳು ಶಾಲೆ ಬಿಡುವ ನಮ್ಮ ಊರುಗಳಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮನ್ಮಾಡದಿಂದ ಅನಂತಪುರಕ್ಕೆ

ಗಡಿಯ ಮರಾಠಿ ಮನೆಗಳಿಗೆ ಮನ್ಮಾಡ ಗೊತ್ತಿರುವ ಊರು. 1952ರಲ್ಲಿ ಭಾರತಕ್ಕೆ ಬಂದ ಸ್ಪೇನಿನ ಜೆಸುಯಿಟ್ ವಿನ್ಸೆಂಟ್ ಫೆರರ್ ಮುಂದೆ ಅಲ್ಲಿ ರೈತರ ಜೊತೆ ನಿಂತು ಬಾವಿ ತೋಡಿಸಿದರು. 1968ರಲ್ಲಿ ಅವರನ್ನು ದೇಶ ಬಿಡಿಸಿದಾಗ ರೈತರೇ ಬೀದಿಗಿಳಿದರು. 1969ರಲ್ಲಿ ತಿರುಗಿ ಬಂದು ನೆಲೆಸಿದ್ದು ನಮ್ಮ ಪಕ್ಕದ ಅನಂತಪುರದಲ್ಲಿ. ಮರುವರ್ಷ ಅವರು ಜೆಸುಯಿಟ್ ಸಭೆಯನ್ನು ಬಿಟ್ಟರೂ ಬಡವರನ್ನು ಬಿಡಲಿಲ್ಲ. 2009ರ ಜೂನ್ 19ರಂದು ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು.

ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಬಹುಕಾಲ ಸ್ಪೇನಿನ ದಾನಿಗಳನ್ನು ನೆಚ್ಚಿತ್ತು. ಆಮೇಲೆ ‘ಇಂಡಿಯಾ ಫಾರ್ ಇಂಡಿಯಾ’ ಹೆಸರಲ್ಲಿ ಹಳ್ಳಿ ಮನೆಗಳಿಗೂ ಹುಂಡಿ ಕೊಟ್ಟಿತು. ನಿನ್ನೆ ನೆರವು ಪಡೆದವರ ಮನೆಯಿಂದಲೇ ಇವತ್ತು ಇನ್ನೊಬ್ಬರಿಗೆ ಚಿಲ್ಲರೆ ಬಂತು. ಪಡೆಯುವ ಕೈ ಕೊಡುವ ಕೈಯೂ ಆಗಬಲ್ಲದು ಎಂಬುದೇ ಇದರ ಗುಟ್ಟು.

ಪಡೆದವರೂ ಲೆಕ್ಕ ಕೊಡಬೇಕು

ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆ ಈ ವಿಷಯದಲ್ಲಿ ಕಟ್ಟುನಿಟ್ಟು. ಸಭೆಯ ಅಗತ್ಯಗಳಿಗೆ ಭಕ್ತರು ನೆರವಾಗಬೇಕು ಎನ್ನುತ್ತದೆ 222ನೇ ನಿಯಮ. ಹಾಗೆಯೇ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು (537), ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕು (1267), ಕೊಟ್ಟ ಭಕ್ತರಿಗೆ ಲೆಕ್ಕ ಒಪ್ಪಿಸಬೇಕು (1287). ಹಬ್ಬದ ಚಂದಾ, ಗಂಟೆಗೋಪುರದ ಚಂದಾ ಎಷ್ಟು ಬಂತು, ಎಷ್ಟು ಖರ್ಚಾಯ್ತು ಎಂದು ಕೇಳುವುದು ಅಪಚಾರವಲ್ಲ, ಭಕ್ತರ ಹಕ್ಕು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಜಮಾ-ಖರ್ಚು ಹಚ್ಚಿದರೆ ಮುಂದಿನ ವರ್ಷದ ಡಬ್ಬಿ ತಾನಾಗಿಯೇ ತುಂಬೀತು.

ನೀರು, ಅನ್ನ, ಹೊತ್ತು

ಕೈಯಲ್ಲಿ ಕಾಸಿಲ್ಲದವರ ಬಳಿಯೂ ವಹಿಸಿಕೊಂಡದ್ದು ಉಂಟು. ನೀರೇ ಮೊದಲನೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಎರಡೂ ರಾಜ್ಯದ ರೈತರು ಕಂಗಾಲಾದದ್ದು ಮರೆತಿಲ್ಲ. ಹರಿದುಹೋದ ನೀರಿಗೆ ಅಷ್ಟು ಮರುಗಿದ ನಾವು, ಬೀದಿ ನಲ್ಲಿ ಸುಮ್ಮನೆ ಸುರಿಯುವಾಗ ನಿಲ್ಲಿಸುತ್ತೇವೆಯೇ? ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಹೇಳಿದ್ದು ಇಂಥ ಚಿಕ್ಕ ಕೆಲಸಗಳನ್ನೇ: ನೀರು ಕಡಿಮೆ ಬಳಸಿ, ಉಣ್ಣುವಷ್ಟೇ ಅಡುಗೆ ಮಾಡಿ, ಗಿಡ ನೆಡಿ, ಬೇಡದ ದೀಪ ಆರಿಸಿ, ಊಟಕ್ಕೆ ಮುಂಚೆ ಮತ್ತು ನಂತರ ದೇವರಿಗೆ ವಂದನೆ ಹೇಳಿ. ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ನಿಧನರಾದರು. ಅವರು ಹೇಳಿದ ಕೆಲಸ ಹಾಗೇ ಉಳಿದಿದೆ.

ಇನ್ನು ಹೊತ್ತು. ಗುಳೆ ಹೋದವರ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಮಗ್ಗಿ ಹೇಳಿಸುವ ಅಕ್ಕ, ಓದಲು ಬಾರದ ಅವ್ವನಿಗೆ ಪೆನ್ಶನ್ ಅರ್ಜಿ ತುಂಬಿಕೊಡುವ ಹುಡುಗ, ಹಾಸಿಗೆ ಹಿಡಿದವರ ಮನೆಗೆ ಭಾನುವಾರ ಪೂಜೆ ಮುಗಿಸಿ ಹೋಗಿ ಬರುವ ಅಣ್ಣ. ಇವರ ಕಾಣಿಕೆ ಯಾವ ಡಬ್ಬಿಯಲ್ಲೂ ಕಾಣುವುದಿಲ್ಲ, ಆದರೂ ಅದು ಕಾಣಿಕೆಯೇ.

ತಪಸ್ಸು ಕಾಲದಲ್ಲಿ ಉಪವಾಸ ಮಾಡಿ ಉಳಿಸಿದ್ದನ್ನು ಹಸಿದವರಿಗೆ ಮುಟ್ಟಿಸುವ ರೂಢಿ ಕಥೋಲಿಕರಲ್ಲಿ ಹಳೆಯದು. ಅದನ್ನು 40 ದಿನಕ್ಕೇ ನಿಲ್ಲಿಸದೆ ಒಲೆಯ ಪಕ್ಕ ಒಂದು ಗಡಿಗೆ ಇಟ್ಟು ನೋಡಿ. ದಿನಕ್ಕೊಂದು ಹಿಡಿ ಸಾಕು. ಗಡಿಗೆ ತುಂಬಿದಾಗ ಎಲ್ಲಿಗೆ ಕೊಟ್ಟಿರಿ ಎಂಬುದನ್ನು ಮಕ್ಕಳ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ಲೆಕ್ಕ ಇಡುವುದನ್ನು ಮಕ್ಕಳು ಮನೆಯಲ್ಲೇ ಕಲಿಯಲಿ.