ಮೀನೆಣ್ಣೆ ಗುಳಿಗೆ ಎಲ್ಲರಿಗೂ ಒಂದೇ ಫಲ ನೀಡುವುದೇ? – ಸಾರ್ವಜನಿಕರಿಗೆ ಮಾಹಿತಿ

ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತಗ್ಗುವುದೆಂಬ ನಂಬಿಕೆಯಿಂದ ಅನೇಕರು ಮೀನೆಣ್ಣೆಯ ಗುಳಿಗೆಗಳನ್ನು ವೈದ್ಯರ ಸಲಹೆ ಇಲ್ಲದೆಯೇ ಸೇವಿಸುತ್ತಾರೆ. ಒಂದೇ ಗುಳಿಗೆಯು ಒಬ್ಬರಲ್ಲಿ ಗುಣ ತೋರಿ ಇನ್ನೊಬ್ಬರಲ್ಲಿ ತೋರದಿರಲು ಹುಟ್ಟಿನಿಂದ ಬಂದ ವಂಶವಾಹಿಗಳೂ ಒಂದು ಕಾರಣವಾಗಿರುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೀನೆಣ್ಣೆಯ ಮುಖ್ಯ ಅಂಶಗಳು ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬಿನಾಮ್ಲಗಳು. ಇವು ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ತಯಾರಾಗುವುದನ್ನು ಕಡಿಮೆ ಮಾಡುತ್ತವೆ. ಆದರೆ ಎಷ್ಟು ಕಡಿಮೆ ಮಾಡುತ್ತವೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಸಂಗ್ರಹದಲ್ಲಿನ ಸುಮಾರು 70,000 ಜನರ ವಿವರಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಜಿಜೆಬಿ2 ಎಂಬ ವಂಶವಾಹಿಯ ಸಮೀಪದಲ್ಲಿರುವ ಒಂದೇ ಒಂದು ಅಕ್ಷರದ ವ್ಯತ್ಯಾಸವನ್ನು ಅವರು ಗುರುತಿಸಿದ್ದಾರೆ. ಆ ಸ್ಥಾನದಲ್ಲಿ 'ಎಜಿ' ಜೋಡಿ ಇರುವವರಲ್ಲಿ ಮೀನೆಣ್ಣೆಯ ಸೇವನೆಯೊಂದಿಗೆ ಟ್ರೈಗ್ಲಿಸರೈಡ್ ಕಡಿಮೆ ಇದ್ದಿತು. 'ಎಎ' ಜೋಡಿ ಇರುವವರಲ್ಲಿ ಸ್ವಲ್ಪ ಹೆಚ್ಚೇ ಇದ್ದಿತು. (ಈ ವಂಶವಾಹಿಯು ಅದುವರೆಗೆ ಹೆಚ್ಚಾಗಿ ಪರಿಚಿತವಾಗಿದ್ದುದು ಹುಟ್ಟು ಕಿವುಡುತನದ ಸಂಬಂಧದಲ್ಲಿ.) ಅಂದರೆ ಎಲ್ಲರ ಸರಾಸರಿಯನ್ನು ಮಾತ್ರ ನೋಡಿದಲ್ಲಿ ಇಂತಹ ಭೇದ ಮರೆಯಾಗುವ ಸಂಭವವಿದೆ.

ಮೀನು ತಿನ್ನದವರ ವಿಷಯದಲ್ಲಿ ಮತ್ತೊಂದು ವಂಶವಾಹಿ ಮುಖ್ಯವಾಗುತ್ತದೆ. ಅಗಸೆ ಬೀಜದಂತಹ ಸಸ್ಯಾಹಾರದಲ್ಲಿರುವ ಒಮೆಗಾ-3 ಅನ್ನು ಇಪಿಎ, ಡಿಎಚ್‌ಎಗಳಾಗಿ ಪರಿವರ್ತಿಸಲು ಎಫ್‌ಎಡಿಎಸ್2 ವಂಶವಾಹಿಯ ಕಿಣ್ವ ಬೇಕು. ಇದನ್ನು ಚುರುಕುಗೊಳಿಸುವ ರೂಪವನ್ನು ತಂದೆ-ತಾಯಿ ಇಬ್ಬರಿಂದಲೂ ಪಡೆದವರು ಪುಣೆಯ ಬಹುಪಾಲು ಸಸ್ಯಾಹಾರಿಗಳಾದ 234 ಜನರಲ್ಲಿ ಶೇ. 68 ರಷ್ಟು, ಅಮೆರಿಕದ 311 ಜನರಲ್ಲಿ ಶೇ. 18 ರಷ್ಟು ಇದ್ದರೆಂದು 2016ರ ಅಧ್ಯಯನವೊಂದು ತಿಳಿಸಿದೆ. ಇದು ಅನುಕೂಲವೆಂದು ಮಾತ್ರ ಭಾವಿಸುವಂತಿಲ್ಲ. ಇದೇ ಕಿಣ್ವವು ಸೂರ್ಯಕಾಂತಿ ಎಣ್ಣೆಯ ಒಮೆಗಾ-6 ಅನ್ನೂ ಉರಿಯೂತಕ್ಕೆ ಎಡೆಮಾಡುವ ಅರಾಕಿಡೋನಿಕ್ ಆಮ್ಲವಾಗಿ ಪರಿವರ್ತಿಸುತ್ತದೆ.

ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಈ ವಂಶವಾಹಿ ವ್ಯತ್ಯಾಸಗಳು ತಿಳಿಯುವುದಿಲ್ಲ. ಆದುದರಿಂದ ವೈದ್ಯರ ಸಲಹೆಯ ಮೇರೆಗೆ ಗುಳಿಗೆ ಆರಂಭಿಸುವ ಮುನ್ನ ಒಮ್ಮೆ, ಕೆಲವು ವಾರಗಳ ನಂತರ ಮತ್ತೊಮ್ಮೆ ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿಕೊಂಡು ಎರಡೂ ವರದಿಗಳನ್ನು ವೈದ್ಯರಿಗೆ ತೋರಿಸತಕ್ಕದ್ದು. ಅಂಕಿ ಇಳಿಯದಿದ್ದಲ್ಲಿ ತಾವಾಗಿಯೇ ಪ್ರಮಾಣ ಹೆಚ್ಚಿಸಬಾರದು. ಅಧಿಕ ಪ್ರಮಾಣದಿಂದ ಹೃದಯ ಬಡಿತದ ಲಯ ತಪ್ಪುವ ಸಾಧ್ಯತೆ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವವರು ಅದನ್ನು ಮುಂಚಿತವಾಗಿಯೇ ವೈದ್ಯರ ಗಮನಕ್ಕೆ ತರತಕ್ಕದ್ದು.