ಬಟನ್ ಬಿಟ್ಟು ಕೈ ಬೀಸಿದಾಗ

ಗಾಲ್ಫ್‌ನಂಥ ಆಟವನ್ನು ವಿಡಿಯೊ ಗೇಮ್ ಆಗಿಸುವುದು ಒಂದು ಕಷ್ಟವಾದರೆ, ಆ ಗೇಮನ್ನು ಮತ್ತೆ ಆಟಗಾರನ ಕೈಗೆ, ಮೈಗೆ ಒಗ್ಗಿಸುವುದು ಇನ್ನೊಂದು ಕಷ್ಟ. ಚಲನೆಯನ್ನು ಅರಿಯುವ ರಿಮೋಟ್‌ಗಳು ಬಂದ ಮೇಲೆ ತಯಾರಕರು ಕಲಿತ ಪಾಠಗಳ ಕಥೆ ಇಲ್ಲಿದೆ.

1984ರಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ ‘ಗಾಲ್ಫ್’ ಎಂಬ ಆಟ ಬಂತು. ಅದರ ಪ್ರೋಗ್ರಾಂ ಬರೆದವರು ಹ್ಯಾಲ್ ಲ್ಯಾಬೊರೇಟರಿ ಎಂಬ ಪುಟ್ಟ ಸಂಸ್ಥೆಯಲ್ಲಿದ್ದ ತರುಣ ಸಟೊರು ಇವಾಟ. ಸ್ವಲ್ಪವೇ ಮೆಮೊರಿ ಇದ್ದ ಕಾರ್ಟ್ರಿಜ್‌ನೊಳಗೆ 18 ಹೋಲ್‌ಗಳ ಇಡೀ ಕೋರ್ಸ್ ಅಡಕವಾಗಬೇಕಿತ್ತು. ದತ್ತಾಂಶವನ್ನು ಕುಗ್ಗಿಸುವ ದಾರಿಯನ್ನು ಅವರೇ ಹುಡುಕಿಕೊಂಡರು. ಆಟದಲ್ಲಿ ಹೊಡೆತಕ್ಕೆ ಬೇಕಿದ್ದುದು ಹೆಬ್ಬೆರಳೊಂದೇ. ಬಟನ್ ಒಮ್ಮೆ ಒತ್ತಿದರೆ ಕ್ಲಬ್ ಹಿಂದಕ್ಕೆ ಏಳುತ್ತದೆ, ಪರದೆಯ ಮೇಲಿನ ಪಟ್ಟಿಯೊಂದರಲ್ಲಿ ಗುರುತು ಸರಿಯತೊಡಗುತ್ತದೆ. ಎರಡನೇ ಸಲ ಒತ್ತಿದಾಗ ಹೊಡೆತದ ಬಲ ನಿಗದಿಯಾಗುತ್ತದೆ. ಮೂರನೇ ಸಲ ಒತ್ತುವುದು ಕ್ಲಬ್ ಚೆಂಡಿಗೆ ತಾಗುವ ಕ್ಷಣಕ್ಕೆ. ತುಸು ಬೇಗ ಅಥವಾ ತುಸು ತಡವಾದರೆ ಚೆಂಡು ಪಕ್ಕಕ್ಕೆ ತಿರುಗಿ ಮರಳಿಗೋ ನೀರಿಗೋ ಬೀಳುತ್ತದೆ. ಆಮೇಲೆ ಬಂದ ಎಷ್ಟೋ ಗಾಲ್ಫ್ ಗೇಮ್‌ಗಳು ಹಿಡಿದದ್ದು ಇದೇ ಹಾದಿ.

ಮುಂದೆ ಇದೇ ಇವಾಟ ನಿಂಟೆಂಡೊದ ಅಧ್ಯಕ್ಷರಾದರು. 2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಗೇಮ್ ಶೋ ವೇದಿಕೆಯ ಮೇಲೆ ನಿಂತು, ಟಿ.ವಿ. ರಿಮೋಟಿನ ಹಾಗೆ ಉದ್ದಕ್ಕಿದ್ದ ಹೊಸ ಕಂಟ್ರೋಲರ್ ಒಂದನ್ನು ಜಗತ್ತಿಗೆ ತೋರಿಸಿದರು. ಅದನ್ನು ಬೀಸಬಹುದು, ತಿರುಗಿಸಬಹುದು, ಪರದೆಯತ್ತ ಗುರಿ ಹಿಡಿಯಬಹುದು. ಮರುವರ್ಷದ ಕೊನೆಗೆ ‘ವೀ’ ಎಂಬ ಯಂತ್ರದೊಂದಿಗೆ ಅದು ಮನೆಗಳಿಗೆ ಬಂತು. ಜಪಾನಿನ ಹೊರಗೆ ಬಹುತೇಕ ಕಡೆ ಯಂತ್ರದ ಜೊತೆಯಲ್ಲೇ ‘ವೀ ಸ್ಪೋರ್ಟ್ಸ್’ ಡಿಸ್ಕನ್ನೂ ಕೊಟ್ಟರು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ಐದು ಆಟಗಳು ಅದರಲ್ಲಿದ್ದವು. ಅದು 8 ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಅದರ ಗಾಲ್ಫ್‌ನ ಒಂಬತ್ತು ಹೋಲ್‌ಗಳೂ 1984ರ ಆ ಹಳೆಯ ಆಟದಿಂದಲೇ ಬಂದವು. ಕೋರ್ಸ್ ಹಳೆಯದೇ, ಹೊಡೆಯುವ ರೀತಿ ಮಾತ್ರ ಹೊಸದು. ಬಟನ್‌ನಿಂದ ಕೈಗೆ ಬರುವಾಗ ಆಟದಲ್ಲಿ ಏನೇನು ಬದಲಾಗಬೇಕಾಯಿತು ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರಿಮೋಟಿಗೆ ಗೊತ್ತಾಗುವುದು ಎಷ್ಟು?

ವೀ ರಿಮೋಟಿನ ಒಳಗಿದ್ದ ಮುಖ್ಯ ಸಾಧನ ಆಕ್ಸೆಲೆರೋಮೀಟರ್, ಅಂದರೆ ವೇಗದ ಏರಿಳಿತವನ್ನು ಅಳೆಯುವ ಪುಟ್ಟ ಚಿಪ್. ಅನಲಾಗ್ ಡಿವೈಸಸ್ ಕಂಪನಿಯ ಈ ಚಿಪ್ ಮೂರು ದಿಕ್ಕುಗಳಲ್ಲಿ, ಗುರುತ್ವದ ಸುಮಾರು ಮೂರು ಪಟ್ಟಿನವರೆಗೆ ಅಳೆಯಬಲ್ಲದು. ರಿಮೋಟನ್ನು ಅಲುಗಿಸದೆ ಹಿಡಿದರೆ ಗುರುತ್ವದ ಸೆಳೆತವೊಂದೇ ಅದಕ್ಕೆ ತಾಗುತ್ತದೆ. ಹಾಗಾಗಿ ಕೈ ಎಷ್ಟು ಓರೆಯಾಗಿದೆ ಎಂದು ಅದು ಸರಿಯಾಗಿ ಹೇಳಬಲ್ಲದು. ಬೀಸತೊಡಗಿದ ಕೂಡಲೇ ತೊಡಕು ಶುರು. ಕೈಯ ವೇಗವೂ ಗುರುತ್ವವೂ ಒಂದರಲ್ಲೊಂದು ಬೆರೆತ ಲೆಕ್ಕವಷ್ಟೇ ಆಗ ಅದಕ್ಕೆ ಸಿಗುತ್ತದೆ. ಆಗುಂಬೆ ಘಾಟಿಯಲ್ಲಿ ಕಣ್ಣು ಮುಚ್ಚಿಕೊಂಡು ಬಸ್ಸಿನಲ್ಲಿ ನಿಂತವರ ಪಾಡೂ ಇದೇ: ಮೈ ಮುಂದಕ್ಕೆ ವಾಲಿದ್ದು ಇಳಿಜಾರಿನಿಂದಲೋ, ಡ್ರೈವರ್ ಬ್ರೇಕ್ ಹಾಕಿದ್ದರಿಂದಲೋ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಗಾಲ್ಫ್‌ಗೆ ಇದು ದೊಡ್ಡ ಕೊರತೆ. ಚೆಂಡು ನೇರ ಹೋಗುವುದು ಅಥವಾ ಅಡ್ಡ ತಿರುಗುವುದು ಕ್ಲಬ್ಬಿನ ಮುಖ ತಾಗುವ ಗಳಿಗೆಯಲ್ಲಿ ಎತ್ತ ನೋಡುತ್ತಿದೆ ಎಂಬುದರ ಮೇಲೆ ನಿಂತಿದೆ. ಬಲಗೈ ಆಟಗಾರನ ಕ್ಲಬ್ಬಿನ ಮುಖ ತುಸು ತೆರೆದುಕೊಂಡಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಮುಚ್ಚಿಕೊಂಡಿದ್ದರೆ ಎಡಕ್ಕೆ. ಈ ಮುಖವನ್ನು ತಿರುಗಿಸುವುದು ಮಣಿಕಟ್ಟು, ಅದೂ ತೋಳು ಅತಿ ವೇಗವಾಗಿ ಕೆಳಗೆ ಬರುತ್ತಿರುವಾಗ. ಅಂದರೆ ಆಟಕ್ಕೆ ಯಾವ ಮಾಹಿತಿ ಎಲ್ಲಕ್ಕಿಂತ ಹೆಚ್ಚು ಬೇಕೋ, ಅದನ್ನು ಹೇಳಲು ಚಿಪ್ಪಿಗೆ ಆಗದ ಗಳಿಗೆಯೂ ಅದೇ.

ಪಟ್ಟಿಂಗ್‌ನಲ್ಲಿ ಇದರ ತದ್ವಿರುದ್ಧ ತೊಂದರೆ. ಹೋಲ್‌ನ ಹತ್ತಿರ ಚೆಂಡನ್ನು ಮೆಲ್ಲಗೆ ತಳ್ಳುವಾಗ ಕೈ ಚಲಿಸುವುದು ಬಹಳ ಕಡಿಮೆ. ಆ ಸಣ್ಣ ಚಲನೆ ಗುರುತ್ವದ ದೊಡ್ಡ ಅಳತೆಯಲ್ಲಿ ಮುಚ್ಚಿಹೋಗುತ್ತದೆ. ‘ವೀ ಸ್ಪೋರ್ಟ್ಸ್’ ಆಡಿದವರು ಹಸಿರು ಅಂಗಳದ ತನಕ ಸಲೀಸಾಗಿ ಬಂದು, ಅಲ್ಲಿ ಚೆಂಡು ಹೋಲನ್ನು ದಾಟಿ ಓಡುವುದನ್ನು ಕಂಡು ಬೇಸತ್ತದ್ದು ಇದರಿಂದಲೇ.

ಏನನ್ನು ಕೇಳಬೇಕು, ಏನನ್ನು ಬಿಡಬೇಕು

ಇಷ್ಟೆಲ್ಲ ಕೊರತೆ ಇದ್ದರೂ ಆ ಆಟ ಜನರನ್ನು ಗೆದ್ದದ್ದು ಹೇಗೆ? ಅದನ್ನು ರೂಪಿಸಿದವರು ರಿಮೋಟಿಗೆ ಏನು ಗೊತ್ತಾಗುತ್ತದೆಯೋ ಅದರ ಮೇಲಷ್ಟೇ ಆಟವನ್ನು ಕಟ್ಟಿದರು. ಟೆನಿಸ್ ನೋಡಿ. ಪರದೆಯ ಮೇಲಿನ ಗೊಂಬೆ ತಾನಾಗಿಯೇ ಅಂಕಣದಲ್ಲಿ ಓಡಾಡುತ್ತದೆ; ಆಟಗಾರ ಓಡಬೇಕಿಲ್ಲ, ಓಡಿಸಲೂಬೇಕಿಲ್ಲ. ಬೀಸುವುದೊಂದೇ ಅವನ ಕೆಲಸ. ಚೆಂಡು ಯಾವ ಕಡೆ ಹೋಗಬೇಕೆಂಬುದು ರ‍್ಯಾಕೆಟ್ಟಿನ ಕೋನದಿಂದಲ್ಲ, ಬೇಗ ಬೀಸಿದಿರೋ ತಡವಾಗಿ ಬೀಸಿದಿರೋ ಎಂಬುದರಿಂದ ನಿರ್ಧಾರವಾಗುತ್ತದೆ. ಕೋನವನ್ನು ಅಳೆಯುವುದು ಆ ರಿಮೋಟಿಗೆ ಕಷ್ಟ, ಸಮಯವನ್ನು ಅಳೆಯುವುದು ಸುಲಭ. ಟೆನಿಸ್‌ನ ಜೀವವೂ ಬಹುಪಾಲು ಸಮಯದಲ್ಲೇ ಇದೆ. ಆ ಎರಡೂ ಕೂಡುವ ಜಾಗವನ್ನು ಅವರು ಸರಿಯಾಗಿ ಗುರುತಿಸಿದರು.

ಗಾಲ್ಫ್‌ನಲ್ಲಿ ಇನ್ನೊಂದು ಜಾಣತನವಿದೆ. ಕೈಯಲ್ಲಿ ರಿಮೋಟ್ ಇದ್ದಷ್ಟು ಹೊತ್ತೂ ಅದು ಚಲನೆಯನ್ನು ಅಳೆಯುತ್ತಲೇ ಇರುತ್ತದೆ. ಮೂಗು ತುರಿಸಿಕೊಂಡದ್ದನ್ನು, ನೀರಿನ ಲೋಟ ಎತ್ತಿದ್ದನ್ನು ಹೊಡೆತವೆಂದು ತಿಳಿಯಬಾರದಲ್ಲ? ಅದಕ್ಕೆ, ಎ ಬಟನ್ ಅದುಮಿಕೊಂಡು ಬೀಸಿದರೆ ಮಾತ್ರ ಅದು ಹೊಡೆತ. ಒತ್ತದೆ ಬೀಸಿದರೆ ಬರೀ ಅಭ್ಯಾಸ. ನಿಜವಾದ ಗಾಲ್ಫ್ ಆಟಗಾರರೂ ಚೆಂಡಿನ ಪಕ್ಕ ನಿಂತು ಒಂದೆರಡು ಸಲ ಸುಮ್ಮನೆ ಬೀಸಿ ನೋಡುತ್ತಾರೆ. ತಂತ್ರಜ್ಞಾನದ ಅಗತ್ಯವೊಂದು ಹೀಗೆ ಆಟದ ಸಹಜ ರೂಢಿಯೊಳಗೆ ಕರಗಿಹೋಯಿತು.

ಕಿವಿಯ ಪಾತ್ರವನ್ನೂ ಮರೆಯಬಾರದು. ಗಾಳಿಯಲ್ಲಿ ಬೀಸುವ ಕೈಗೆ ಚೆಂಡು ತಾಗಿದ ಅನುಭವ ಸಿಗುವುದಿಲ್ಲ. ಆ ಕೊರತೆ ತುಂಬಲು ವೀ ರಿಮೋಟಿನ ಒಳಗೇ ಪುಟ್ಟದೊಂದು ಸ್ಪೀಕರನ್ನೂ ಕಂಪಿಸುವ ಮೋಟರನ್ನೂ ಇಟ್ಟರು. ಚೆಂಡಿಗೆ ತಾಗಿದ ಸದ್ದು ಟಿ.ವಿ.ಯಿಂದ ಮಾತ್ರ ಬಾರದೆ ಅಂಗೈಯಿಂದಲೇ ಬರುತ್ತದೆ, ಜೊತೆಗೆ ಬೆರಳುಗಳಲ್ಲಿ ಒಂದು ಸಣ್ಣ ಅದುರು. ಸ್ಪೀಕರಿನ ಗುಣಮಟ್ಟ ಸಾಧಾರಣ, ಆದರೆ ಸದ್ದು ಹುಟ್ಟಿದ ಜಾಗ ಸರಿಯಾಗಿತ್ತು. ಹೊಡೆದದ್ದು ನಾನೇ ಎಂದು ಆಟಗಾರ ನಂಬಲು ಅಷ್ಟು ಸಾಕಾಯಿತು.

ಮೈ ಸುಮ್ಮನಿರಲಿಲ್ಲ

ಮಣಿಕಟ್ಟನ್ನು ಚೂರು ಕೊಂಕಿಸಿದರೂ ಟೆನಿಸ್ ಹೊಡೆತ ಸಾಗುತ್ತದೆ. ಸೋಫಾದಲ್ಲಿ ಒರಗಿಕೊಂಡೇ ಗೆಲ್ಲಬಹುದು ಎಂಬುದು ಆಡುವವರಿಗೆ ಬೇಗನೆ ತಿಳಿಯಿತು. ಆದರೂ ಹೆಚ್ಚಿನವರು ಎದ್ದು ನಿಂತು, ಇಡೀ ತೋಳು ಬೀಸಿಯೇ ಆಡಿದರು. ಯಂತ್ರಕ್ಕೆ ಬೇಡವಾಗಿದ್ದ ಚಲನೆ ಆಡುವವರಿಗೆ ಬೇಕಿತ್ತು.

ಅದರ ಪರಿಣಾಮಗಳೂ ಆದವು. ಬೆವೆತ ಕೈಯಿಂದ ರಿಮೋಟ್ ಜಾರಿದಾಗ ಮಣಿಕಟ್ಟಿನ ದಾರ ತುಂಡಾಗುತ್ತಿದ್ದ ದೂರುಗಳು ಬಂದು, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಉಚಿತವಾಗಿ ಬದಲಾಯಿಸಿಕೊಡಲು ಮುಂದಾಯಿತು. ಮರುವರ್ಷ ರಿಮೋಟಿಗೆ ಸಿಲಿಕೋನ್ ಕವಚವನ್ನೂ ಕೊಟ್ಟಿತು. 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವೈದ್ಯರೊಬ್ಬರ ಪತ್ರ ಪ್ರಕಟವಾಯಿತು: ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯುರಜ್ಜು ಊದಿಕೊಂಡ ಪ್ರಕರಣ. ನಿಜವಾದ ಆಟದಲ್ಲಿ ಓಟ, ಚೆಂಡು ಹೆಕ್ಕುವುದು, ಉಸಿರಾಡಲು ನಿಲ್ಲುವುದು ಎಲ್ಲವೂ ಭುಜಕ್ಕೆ ಬಿಡುವು ಕೊಡುತ್ತವೆ. ಅವನ್ನೆಲ್ಲ ತೆಗೆದು ಬರೀ ಹೊಡೆತವನ್ನು ಉಳಿಸಿದರೆ ಮೈಗೆ ಆ ಬಿಡುವು ಸಿಗುವುದಿಲ್ಲ. ಗೇಮ್ ರೂಪಿಸುವವರು ಆಟದ ದಣಿವಿನ ಜೊತೆ ವಿಶ್ರಾಂತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಎಚ್ಚರ ಇಲ್ಲಿಂದ ಸಿಕ್ಕಿತು.

ಇದರ ಇನ್ನೊಂದು ಮುಖ ಮನಸ್ಸಿಗೆ ಹತ್ತಿರವಾದದ್ದು. ಅಮೆರಿಕದ ಹಿರಿಯರ ವಸತಿಗೃಹಗಳಲ್ಲಿ ವೀ ಬೌಲಿಂಗ್ ಪಂದ್ಯಾವಳಿಗಳೇ ನಡೆದವು. ಭಾರದ ಚೆಂಡನ್ನು ಎತ್ತಲಾಗದ ಕೈಗಳು ಹಗುರವಾದ ರಿಮೋಟನ್ನು ಬೀಸಿದವು. ಬಟನ್‌ಗಳ ಗೇಮ್‌ಗಳನ್ನು ಎಂದೂ ಮುಟ್ಟದ ಆ ಹಿರಿಯರಿಗೆ ಹೇಳಿಕೊಡಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ನಿಖರತೆ ಬಂದಾಗ

2009ರ ಜೂನ್‌ನಲ್ಲಿ ‘ಮೋಷನ್‌ಪ್ಲಸ್’ ಎಂಬ ಚಿಕ್ಕ ಪೆಟ್ಟಿಗೆ ಬಂತು. ರಿಮೋಟಿನ ಬಾಲಕ್ಕೆ ಸಿಕ್ಕಿಸುವ ಇದರೊಳಗೆ ಗೈರೊಸ್ಕೋಪ್‌ಗಳಿದ್ದವು. ಇವು ತಿರುಗುವ ವೇಗವನ್ನು ನೇರವಾಗಿ ಅಳೆಯುತ್ತವೆ. ಒಳಗೆ ಸದಾ ಕಂಪಿಸುತ್ತಿರುವ ಸೂಕ್ಷ್ಮ ರಚನೆಯೊಂದಿದ್ದು, ರಿಮೋಟ್ ತಿರುಗಿದಾಗ ಆ ಕಂಪನ ಪಕ್ಕಕ್ಕೆ ವಾಲುತ್ತದೆ. ಆ ವಾಲುವಿಕೆಯೇ ಅಳತೆ. ಮಣಿಕಟ್ಟಿನ ತಿರುವು ಕೊನೆಗೂ ಗೇಮಿಗೆ ಕಾಣಿಸಿತು.

ಗೈರೊಸ್ಕೋಪಿಗೂ ತನ್ನದೇ ಮಿತಿ ಇದೆ. ವೇಗವನ್ನು ಗಳಿಗೆ ಗಳಿಗೆಗೂ ಕೂಡಿಸುತ್ತ ಕೋನವನ್ನು ಲೆಕ್ಕ ಹಾಕುವಾಗ ಸಣ್ಣ ಸಣ್ಣ ತಪ್ಪುಗಳೂ ಕೂಡಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ, ನೇರ ಹಿಡಿದ ಕ್ಲಬ್ ಪರದೆಯಲ್ಲಿ ಸೊಟ್ಟಗೆ ಕಾಣುತ್ತದೆ. ಹಾಗಾಗಿ ಆಟದ ನಡುವೆ ರಿಮೋಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಕೆಲವು ಸೆಕೆಂಡು ಕಾಯಿರಿ ಎಂದು ಪರದೆ ಕೇಳುತ್ತಿತ್ತು. ಅಲುಗದೆ ಮಲಗಿದ ಆ ಹೊತ್ತಿನಲ್ಲಿ ಅದು ತನ್ನ ಸೊನ್ನೆಯನ್ನು ಮತ್ತೆ ಕಂಡುಕೊಳ್ಳುತ್ತದೆ. ಹಳೆಯ ಚಿಪ್ ಗುರುತ್ವದ ದಿಕ್ಕನ್ನು ತೋರಿಸಿ ಹೊಸದನ್ನು ತಿದ್ದುತ್ತದೆ, ಹೊಸದು ಬೀಸಿನ ನಡುವೆ ಹಳೆಯದಕ್ಕೆ ನೆರವಾಗುತ್ತದೆ. ಇಂದು ಬಹಳಷ್ಟು ಮೊಬೈಲ್ ಫೋನುಗಳಲ್ಲೂ ಇದೇ ಜೋಡಿ ಕೆಲಸ ಮಾಡುತ್ತಿದೆ.

ಮೋಷನ್‌ಪ್ಲಸ್ ಬಂದ ತಿಂಗಳಲ್ಲೇ ಅಮೆರಿಕದಲ್ಲಿ ಇಎ ಸ್ಪೋರ್ಟ್ಸ್‌ನ ‘ಟೈಗರ್ ವುಡ್ಸ್ ಪಿಜಿಎ ಟೂರ್ 10’ ಈ ಸಾಧನದೊಂದಿಗೆ ಬಂತು. ಕ್ಲಬ್ಬಿನ ಮುಖ ತೆರೆದು ಬೀಸಿದರೆ ಪರದೆಯ ಚೆಂಡೂ ಬಲಕ್ಕೆ ಬಾಗಿತು. ಮೆಲ್ಲನೆಯ ಪಟ್ಟಿಂಗ್‌ಗೂ ಬೆಲೆ ಸಿಕ್ಕಿತು. ಗಾಲ್ಫ್ ಬಲ್ಲವರು ಸಂಭ್ರಮಿಸಿದರು. ಆದರೆ ನಿಖರತೆ ಹೆಚ್ಚಿದಂತೆ ಕಷ್ಟವೂ ಹೆಚ್ಚುತ್ತದೆ: ನಿಜವಾದ ಅಂಕಣದಲ್ಲಿ ವರ್ಷಗಟ್ಟಲೆ ಪಳಗಿಸಬೇಕಾದ ಮಣಿಕಟ್ಟನ್ನೇ ಗೇಮ್ ಕೂಡ ಕೇಳತೊಡಗುತ್ತದೆ.

ಮುಂದಿನ ವರ್ಷ ಬಂದ ಮೈಕ್ರೊಸಾಫ್ಟಿನ ಕಿನೆಕ್ಟ್ ಇನ್ನೊಂದು ದಾರಿ ಹಿಡಿಯಿತು. ಕೈಯಲ್ಲಿ ಏನೂ ಬೇಡ. ಕ್ಯಾಮೆರಾ ಇಡೀ ಮೈಯನ್ನು ನೋಡುತ್ತದೆ. 2011ರ ‘ಕಿನೆಕ್ಟ್ ಸ್ಪೋರ್ಟ್ಸ್: ಸೀಸನ್ ಟು’ನಲ್ಲಿ ಗಾಲ್ಫ್ ಕೂಡ ಇತ್ತು. ಸೊಂಟದ ತಿರುವು, ಭುಜದ ಏರಿಳಿತ ಅದಕ್ಕೆ ಕಂಡವು. ಹಿಡಿತವಿಲ್ಲದ ಖಾಲಿ ಮುಷ್ಟಿಯಲ್ಲಿ ಮಣಿಕಟ್ಟು ಎಷ್ಟು ತಿರುಗಿತೆಂದು ಕಾಣುವುದು ಆ ಕ್ಯಾಮೆರಾಕ್ಕೆ ಕಷ್ಟ. ಪ್ರತಿ ಸಾಧನವೂ ದೇಹದ ಒಂದು ಭಾಗವನ್ನು ಚೆನ್ನಾಗಿ ಕೇಳುತ್ತದೆ, ಇನ್ನೊಂದಕ್ಕೆ ಕಿವುಡಾಗಿರುತ್ತದೆ.

ಕ್ರಿಕೆಟ್ ಆದರೆ?

ನಮ್ಮ ಆಟದ ಕಡೆಗೂ ಒಂದು ಯತ್ನ ನಡೆದಿದೆ. ಸೋನಿಯ ಪ್ಲೇಸ್ಟೇಷನ್ 3 ಯಂತ್ರದ ‘ಮೂವ್’ ಕಂಟ್ರೋಲರ್‌ಗಾಗಿ ಮುಂಬೈನ ಟ್ರೈನ್ ಗೇಮ್ಸ್ ‘ಮೂವ್ ಸ್ಟ್ರೀಟ್ ಕ್ರಿಕೆಟ್’ ಎಂಬ ಗಲ್ಲಿ ಕ್ರಿಕೆಟ್ ಗೇಮ್ ಮಾಡಿತು. ಗಾಲ್ಫ್‌ನಲ್ಲಿ ಚೆಂಡು ನಿಂತಲ್ಲೇ ನಿಂತು ಕಾಯುತ್ತದೆ. ರಿಮೋಟಿನ ಸಂದೇಶ ಯಂತ್ರ ದಾಟಿ ಟಿ.ವಿ. ತಲುಪುವಾಗ ಕಣ್ಣೆವೆಯಷ್ಟು ತಡವಾದರೂ ಕೆಡುವುದೇನಿಲ್ಲ. ಕ್ರಿಕೆಟ್‌ನಲ್ಲಿ ಅಷ್ಟೇ ತಡ ವಿಕೆಟ್ ಉರುಳಿಸುತ್ತದೆ. ಜೊತೆಗೆ ಬ್ಯಾಟಿನ ಮುಖದ ಪ್ರಶ್ನೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೆನೆಯಿರಿ. ಅದರ ಸೊಗಸೆಲ್ಲ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಚೆಂಡಿನ ಮೇಲೆ ಹೊರಳುವುದರಲ್ಲಿತ್ತು. ಆ ಹೊರಳನ್ನು ಅಳೆಯದ ಗೇಮಿನಲ್ಲಿ ಕಟ್ಟಿಗೂ ಪುಲ್ಲಿಗೂ ವ್ಯತ್ಯಾಸ ತೋರಿಸಲು ಬೇರೆ ಉಪಾಯವನ್ನೇ ಹುಡುಕಬೇಕು.

ಸೆನ್ಸರ್‌ಗಳು ಸುಧಾರಿಸಿದರೆ ಇಂಥ ಉಪಾಯಗಳೆಲ್ಲ ಬೇಡವಾಗುತ್ತವೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 2022ರಲ್ಲಿ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’ ಬಂದಾಗ ಕೈಯಲ್ಲಿದ್ದ ಕಂಟ್ರೋಲರ್ 2006ರ ರಿಮೋಟಿಗಿಂತ ಎಷ್ಟೋ ಮುಂದಿತ್ತು. ಆದರೂ ಅದರ ಟೆನಿಸ್‌ನಲ್ಲಿ ಗೊಂಬೆ ಇಂದಿಗೂ ತಾನಾಗಿಯೇ ಓಡುತ್ತದೆ. ಹದಿನಾರು ವರ್ಷಗಳ ನಂತರವೂ ಉಳಿದ ಆ ತೀರ್ಮಾನ ಚಿಪ್ಪಿನ ಬಡತನದಿಂದ ಬಂದದ್ದಲ್ಲ, ಟೆನಿಸ್‌ನಲ್ಲಿ ಆಟಗಾರನಿಗೆ ಬಿಡಬೇಕಾದದ್ದು ಯಾವುದು ಎಂಬ ತಿಳಿವಳಿಕೆಯಿಂದ ಬಂದದ್ದು.

ಬೆಂಗಳೂರಿನಲ್ಲಿ ಇಂದು ಗೇಮ್ ಸ್ಟುಡಿಯೊಗಳಿಗೆ ಕೊರತೆಯಿಲ್ಲ. ಅಲ್ಲಿನ ಯಾರಾದರೂ ನಮ್ಮ ಲಗೋರಿಯನ್ನು ಕೈಬೀಸಿ ಆಡುವ ಗೇಮ್ ಆಗಿಸಲು ಹೊರಟರೆಂದು ಇಟ್ಟುಕೊಳ್ಳೋಣ. ಚೆಂಡೆಸೆದು ಕಲ್ಲಿನ ರಾಶಿ ಬೀಳಿಸುವುದನ್ನು ಈಗಿನ ಸೆನ್ಸರ್‌ಗಳು ಸೊಗಸಾಗಿ ಅಳೆದುಕೊಡುತ್ತವೆ. ಆದರೆ ಲಗೋರಿ ಆಡಿದವರಿಗೆ ಗೊತ್ತು, ಎದೆ ಬಡಿದುಕೊಳ್ಳುವುದು ಎಸೆಯುವಾಗಲ್ಲ. ಬೆನ್ನಿಗೆ ಚೆಂಡು ಬೀಳುವ ಮೊದಲು ಬಗ್ಗಿ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸುವಾಗ. ಎಸೆತವನ್ನು ಕೂದಲೆಳೆಯಷ್ಟು ನಿಖರವಾಗಿ ತೋರಿಸಿ, ಜೋಡಿಸುವ ಆತುರವನ್ನು ಕೈಬಿಟ್ಟ ಗೇಮ್ ಲಗೋರಿ ಆಗುವುದಿಲ್ಲ. ಆದ್ದರಿಂದ ಯಾವ ಸೆನ್ಸರ್ ಕೊಳ್ಳಬೇಕು ಎಂಬ ಪ್ರಶ್ನೆ ಆಮೇಲಿನದು. ಈ ಆಟದ ಜೀವ ಯಾವ ಗಳಿಗೆಯಲ್ಲಿದೆ, ಆ ಗಳಿಗೆಯಲ್ಲಿ ಆಡುವವರ ಮೈ ಏನು ಮಾಡುತ್ತಿರುತ್ತದೆ ಎಂಬುದನ್ನು ಮೊದಲು ಬಯಲಿಗೆ ಹೋಗಿ, ಮಕ್ಕಳ ಜೊತೆ ಆಡಿ ತಿಳಿದುಕೊಳ್ಳಬೇಕು. ಅದು ತಿಳಿದವರ ಕೈಯಲ್ಲಿ ಸಾಧಾರಣ ಚಿಪ್ಪೂ ಒಳ್ಳೆಯ ಆಟ ಕೊಡುತ್ತದೆ.