ಆರ್ ಗಣಕಭಾಷೆಯಲ್ಲಿ ಪೂರ್ಣಾಂಕದ ಸ್ವರೂಪ

ನೃಪತುಂಗನೆಂದು ಪ್ರಖ್ಯಾತನಾದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸಂಖ್ಯಾಸ್ಥಾನಗಳು ಹೇಳಲ್ಪಟ್ಟಿವೆಯೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ. ಗ್ರಂಥದಲ್ಲಿ ಸಂಖ್ಯೆಗೆ ಸ್ಥಾನದ ಹೆಸರಿದ್ದರೆ ಸಾಕು. ಗಣಕಯಂತ್ರದಲ್ಲಾದರೋ ಅದನ್ನು ತುಂಬಿಡುವುದಕ್ಕೆ ಪಾತ್ರೆಯೂ ಬೇಕು. ಪಾತ್ರೆಯ ಅಳತೆಯನ್ನರಿಯದೆ ಲೆಕ್ಕಮಾಡಿದರೆ ಫಲವು ಲೋಪವಾಗುವುದುಂಟು. ಸರಿಯೆಂಬಂತೆ ತೋರುವ ತಪ್ಪು ಫಲವು ದೊರೆಯುವುದೂ ಉಂಟು. ಸಂಖ್ಯಾಶಾಸ್ತ್ರಜ್ಞರು ಬಳಸುವ, ಕಾವ್ಯಗಳ ಪದಪ್ರಯೋಗಗಳನ್ನೆಣಿಸುವವರೂ ಆಶ್ರಯಿಸುವ 'ಆರ್' ಎಂಬ ಗಣಕಭಾಷೆಯಲ್ಲಿ ಈ ವಿಷಯವು ಸ್ಪಷ್ಟವಾಗಿ ಕಾಣುತ್ತದೆ.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು ಆರಂಭಿಸಿದ ಈ ಭಾಷೆಯ 1.0.0 ಎಂಬ ಆವೃತ್ತಿಯು 2000ನೆಯ ಇಸವಿಯಲ್ಲಿ ಹೊರಬಂದಿತು. ಇದರಲ್ಲಿ ಸಂಖ್ಯೆಗಳಿಗೆ ಮುಖ್ಯವಾಗಿ ಎರಡು ಜಾತಿಗಳು: ಪೂರ್ಣಾಂಕ ಒಂದು, ದಶಾಂಶವನ್ನೂ ಧರಿಸಬಲ್ಲ 'ಡಬಲ್' ಎಂಬುದು ಇನ್ನೊಂದು. ಸುಮ್ಮನೆ 5 ಎಂದು ಬರೆದರೆ ಅದು ಬೆಲೆಯಲ್ಲಿ ಪೂರ್ಣಾಂಕವಾದರೂ ಜಾತಿಯಲ್ಲಿ ಡಬಲ್ ಆಗಿರುವುದು. ಅದನ್ನು ಪೂರ್ಣಾಂಕಜಾತಿಗೆ ಸೇರಿಸಬೇಕಾದರೆ ಅಂಕಿಯ ಮುಂದೆ ರೋಮನ್ ಲಿಪಿಯ 'ಎಲ್' ಅಕ್ಷರವನ್ನು ಬರೆಯಬೇಕು. ಫಲವನ್ನು ಅಚ್ಚಿಸಿದಾಗ ಈ ಅಕ್ಷರವು ಕಾಣುವುದಿಲ್ಲ. ಪಾಣಿನೀಯದಲ್ಲಿ ಇತ್ಸಂಜ್ಞೆಯನ್ನು ಪಡೆದ ಅನುಬಂಧಗಳು ತಾವು ಲೋಪವಾದರೂ ಕಾರ್ಯವನ್ನು ನಿಯಮಿಸುವಂತೆ, ಇಲ್ಲಿಯೂ ಕಾಣದ ಅಕ್ಷರವೇ ಸಂಖ್ಯೆಯ ಜಾತಿಯನ್ನು ನಿರ್ಣಯಿಸುತ್ತದೆ.

ಪೂರ್ಣಾಂಕದ ಪಾತ್ರೆಯಲ್ಲಿ 32 ಬಿಟ್‌ಗಳು, ಅಂದರೆ ಸೊನ್ನೆಯನ್ನಾಗಲಿ ಒಂದನ್ನಾಗಲಿ ಹಿಡಿಯುವ 32 ಮನೆಗಳು, ಇರುವುವು. ಒಂದು ಮನೆಯು ಧನಋಣಭೇದಕ್ಕೆ ಸಲ್ಲುವುದರಿಂದ ಉಳಿದ 31ರಲ್ಲಿ ಹಿಡಿಯುವ ಪರಮಾವಧಿ ಸಂಖ್ಯೆ 2,14,74,83,647. ಮಹಾವೀರಾಚಾರ್ಯನ ಹತ್ತನೆಯ ಸ್ಥಾನವಾದ ಶತಕೋಟಿಯಲ್ಲಿಯೇ ಈ ಜಾತಿಯು ಮುಗಿಯಿತು. ಅದಕ್ಕೆ ಪೂರ್ಣಾಂಕಜಾತಿಯ ಒಂದನ್ನು ಕೂಡಿಸಿದರೆ ಯಂತ್ರವು ಎಚ್ಚರಿಕೆಯೊಡನೆ 'ಎನ್‌ಎ' ಎಂಬ, ಬೆಲೆಯಿಲ್ಲವೆಂಬ ಅರ್ಥದ, ಸಂಜ್ಞೆಯನ್ನು ಕೊಡುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಾದ 6,10,95,297 ಈ ಪಾತ್ರೆಯಲ್ಲಿ ಹಿಡಿಯುತ್ತದೆ. ಅದನ್ನು ಅದರಿಂದಲೇ ಗುಣಿಸಿದರೆ ಹಿಡಿಯದು. ಅಷ್ಟೇಕೆ, 46,341ನ್ನು ಅದರಿಂದಲೇ ಗುಣಿಸಿದರೂ ಫಲವು ಲೋಪವಾಗುವುದು.

ಡಬಲ್ ಜಾತಿಗೆ 64 ಬಿಟ್‌ಗಳುಂಟು. 9,00,71,99,25,47,40,992ರವರೆಗಿನ ಪೂರ್ಣಸಂಖ್ಯೆಗಳೆಲ್ಲ ಅದರಲ್ಲಿ ಯಥಾವತ್ತಾಗಿ ನಿಲ್ಲುವುವು. ಆದರೆ ಈ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಅದೇ ಸಂಖ್ಯೆಯು ಮರಳಿ ಬರುತ್ತದೆ, ಎಚ್ಚರಿಕೆಯೂ ಇಲ್ಲ. ಲೋಪಕ್ಕಿಂತ ಇದು ಹೆಚ್ಚು ಅಪಾಯಕರವಾದುದು.

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಗಳ ಪಟ್ಟಿಯೊಂದನ್ನು ಈ ಭಾಷೆಯಲ್ಲಿ ಸಿದ್ಧಪಡಿಸುವುದೆಂದು ಭಾವಿಸೋಣ. ಮನೆಯ ಜನರ ಎಣಿಕೆಯೂ 577ರಿಂದ ಮೊದಲಾಗುವ ಆರಂಕಿಯ ಪಿನ್ ಸಂಖ್ಯೆಯೂ ಪೂರ್ಣಾಂಕದಲ್ಲಿ ಹಿಡಿಯುವುವು. ಹತ್ತಂಕಿಯ ಮೊಬೈಲ್ ಸಂಖ್ಯೆಯು 6ರಿಂದ 9ರೊಳಗಣ ಅಂಕಿಯಿಂದ ಆರಂಭವಾಗುವುದರಿಂದ ಅದನ್ನು ಪೂರ್ಣಾಂಕವಾಗಿಸಿದರೆ ಎನ್‌ಎ ಮಾತ್ರ ಉಳಿಯುವುದು. ಹನ್ನೆರಡಂಕಿಯ ಆಧಾರ್ ಸಂಖ್ಯೆಯು ಡಬಲ್‌ನಲ್ಲಿ ನಿಲ್ಲುತ್ತದೆ. ಹದಿನೆಂಟಂಕಿಯ ಬ್ಯಾಂಕ್ ಖಾತೆಯ ಸಂಖ್ಯೆಯಾದರೆ ಕೊನೆಯ ಅಂಕಿಗಳು ಬದಲಾಗಿ ಬೇರೊಬ್ಬರ ಖಾತೆಯನ್ನು ಸೂಚಿಸಬಹುದು. ಮೊದಲಲ್ಲಿ ಸೊನ್ನೆಯಿದ್ದರೆ ಅದೂ ಅಳಿದುಹೋಗುವುದು.

ವಿಚಾರಿಸಿದರೆ, ಈ ಕೊನೆಯವು ಸಂಖ್ಯೆಗಳೇ ಅಲ್ಲ. ಅಂಕಿಗಳಲ್ಲಿ ಬರೆದ ಹೆಸರುಗಳು. ಎರಡು ಮೊಬೈಲ್ ಸಂಖ್ಯೆಗಳನ್ನು ಯಾರೂ ಕೂಡಿಸುವುದಿಲ್ಲ. ಆದಕಾರಣ ಇವನ್ನು ಅಕ್ಷರಜಾತಿಯಲ್ಲಿಯೇ ಇಡತಕ್ಕದ್ದು. ಶಾಸನಗಳ ಸಂಖ್ಯೆ, ಓಲೆಪ್ರತಿಗಳ ಕ್ರಮಾಂಕ ಇವಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಪದಗಳ ಎಣಿಕೆಗೆ ಪೂರ್ಣಾಂಕವು ಸಾಕು; ದೊಡ್ಡ ಗುಣಾಕಾರಕ್ಕೂ ಪ್ರಮಾಣಗಳಿಗೂ ಡಬಲ್ ಬೇಕು. ಸಾಹಿತ್ಯಸಂಶೋಧಕರು ಪಟ್ಟಿಯನ್ನು ಯಂತ್ರಕ್ಕೊಪ್ಪಿಸುವ ಮೊದಲೇ ಪ್ರತಿಯೊಂದು ಅಂಕಣದ ಜಾತಿಯನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ.